ಮಳೆಗಾಲದಲ್ಲಿ ಎಸಿ ಹಾಕಿದರೆ ರೂಮು ಥಂಡಿ, ಮೈ ಮಾತ್ರ ಅಂಟಂಟು. ಯಾಕೆ?

ಪಡುಗಾಳಿ (ಪ್ರಶ್ನೆ)

ಊರು ಮಂಗಳೂರು. ಐದು ಮಹಡಿ ಕಟ್ಟಡದ ಮೂರನೆಯದರಲ್ಲಿ ಮನೆ, ಮೇಲೂ ಕೆಳಗೂ ಮನೆಗಳಿವೆ. ಮಲಗುವ ಕೋಣೆ 10 × 12 ಅಡಿ, ಎತ್ತರ 10 ಅಡಿ. ಒಂದೇ ಹೊರಗೋಡೆ, ಅದರಲ್ಲಿ ಒಂದು ಕಿಟಕಿ. ಒಂದೂವರೆ ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ, 5 ಸ್ಟಾರ್, ಆರ್32 ಗ್ಯಾಸ್, ಎರಡು ವರ್ಷ ಹಳೆಯದು. ರಾತ್ರಿ ಮಲಗುವವರು ಇಬ್ಬರು.

ಏಪ್ರಿಲ್, ಮೇ ಸೆಕೆಯಲ್ಲಿ ಏನೂ ದೂರಿರಲಿಲ್ಲ. ಮಳೆ ಹಿಡಿದ ಮೇಲೆ ಕಥೆ ಬೇರೆಯಾಗಿದೆ. 24ಕ್ಕೆ ಇಟ್ಟರೆ ಅರ್ಧ ಗಂಟೆಯಲ್ಲಿ ರೂಮು ಥಂಡಿಯಾಗುತ್ತದೆ, ಆದರೆ ಹಾಸಿಗೆ ತೇವ, ಮೈ ಅಂಟಂಟು. 22ಕ್ಕೆ ಇಳಿಸಿದರೆ ನಡುಕ ಬರುತ್ತದೆಯೇ ಹೊರತು ಅಂಟು ಹೋಗುವುದಿಲ್ಲ. 26ಕ್ಕೆ ಏರಿಸಿದರೆ ಒಳಗೇ ಬೆವರು. ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದು ಇಟ್ಟೆ: ಒಳಗೆ 24 ಡಿಗ್ರಿ, ತೇವ 76%. ಅದೇ ಹೊತ್ತಿಗೆ ಬಾಲ್ಕನಿಯಲ್ಲಿ 26 ಡಿಗ್ರಿ, 92%. ಕಪಾಟಿನಲ್ಲಿರುವ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿದಿದೆ. 22ಕ್ಕೆ ಇಟ್ಟ ದಿನ ಬೆಳಿಗ್ಗೆ ಕಿಟಕಿ ಗಾಜಿನ ಹೊರಮೈಯಲ್ಲಿ ನೀರಿಳಿದಿರುತ್ತದೆ.

ಸರ್ವೀಸಿನವರು ಗ್ಯಾಸ್ ಕಮ್ಮಿಯಾಗಿದೆ, ಟಾಪ್-ಅಪ್ ಮಾಡಬೇಕು ಅಂತಾರೆ. ನಿಜವಾ? ಡ್ರೈ ಮೋಡ್ ಹಾಕಿದರೆ ಸಾಕಾ? ಇಲ್ಲ, ಬೇರೆಯಾಗಿ ತೇವ ತೆಗೆಯುವ ಯಂತ್ರ (ಡೀಹ್ಯುಮಿಡಿಫೈಯರ್) ತೆಗೆದುಕೊಳ್ಳಬೇಕಾ?

ತಂಪುಲೆಕ್ಕ

ಗ್ಯಾಸಿಗೆ ಈಗಲೇ ದುಡ್ಡು ಕೊಡಬೇಡಿ. ಅರ್ಧ ಗಂಟೆಯಲ್ಲಿ 24ಕ್ಕೆ ಇಳಿಸುವ ಎಸಿಯಲ್ಲಿ ಗ್ಯಾಸ್ ಅಷ್ಟೇನೂ ಕಮ್ಮಿ ಇರಲಾರದು. ನಿಮ್ಮ ತೊಂದರೆ ಬಹುಮಟ್ಟಿಗೆ ಅದರ ಉಲ್ಟಾ: ಆ ಕೋಣೆಗೆ, ಈ ಕಾಲಕ್ಕೆ, ಎಸಿ ಮಿತಿಮೀರಿ ದೊಡ್ಡದು.

ಎಸಿ ಮಾಡುವ ಕೆಲಸ ಎರಡು. ಗಾಳಿಯ ಬಿಸಿ ಇಳಿಸುವುದು ಒಂದು, ಗಾಳಿಯಲ್ಲಿರುವ ನೀರಾವಿಯನ್ನು ಎಸಿಯೊಳಗಿನ ತಣ್ಣನೆಯ ಕೊಳವೆ ಸುರುಳಿ, ಅಂದರೆ ಕಾಯಿಲಿನ ಮೇಲೆ ನೀರಾಗಿಸಿ ಪೈಪಿನಲ್ಲಿ ಹೊರಗೆ ಬಿಡುವುದು ಇನ್ನೊಂದು. ರಿಮೋಟಿಗೆ ಗೊತ್ತಿರುವುದು ಮೊದಲನೆಯದು ಮಾತ್ರ. 24 ಮುಟ್ಟಿದ ಕೂಡಲೇ ಯಂತ್ರಕ್ಕೆ ತನ್ನ ಕೆಲಸ ಮುಗಿಯಿತು. ಎರಡನೆಯದು ಎಷ್ಟು ಆಯಿತು ಅಂತ ನೋಡುವ ಸೆನ್ಸರ್ ಮನೆಯಲ್ಲಿ ಹಾಕುವ ಹೆಚ್ಚಿನ ಎಸಿಗಳಲ್ಲಿ ಇರುವುದೇ ಇಲ್ಲ. ತಮಾಷೆ ಅಂದರೆ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಈ ಯಂತ್ರದ ನಕ್ಷೆ ಬರೆದದ್ದೇ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ ಅಂತ. ಹುಟ್ಟಿದ್ದು ತೇವ ತೆಗೆಯಲು, ಈಗ ಅದನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ನೋಡಬೇಕಾದ ಅಂಕಿ ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟು ತಣ್ಣಗಾದರೆ ಅದರಲ್ಲಿನ ಆವಿ ನೀರಾಗುತ್ತದೋ ಆ ಉಷ್ಣತೆ. ನಿಮ್ಮ ಬಾಲ್ಕನಿ ಗಾಳಿಯದು ಸುಮಾರು 24.6 ಡಿಗ್ರಿ. ಕೋಣೆಯದು 19.5. ಹಾಯಾಗಿ ಮಲಗಲು ಅದು 15ರ ಆಸುಪಾಸಿಗೆ ಬರಬೇಕು. 25 ಡಿಗ್ರಿಯಲ್ಲಿ 55% ಅಂದರೆ ಅಷ್ಟೇ. ಈಗ ಕಾಯಿಲ್ ನೋಡಿ. ಕಂಪ್ರೆಸರ್ ಪೂರ್ತಿ ಓಡುವಾಗ ಕಾಯಿಲ್ 8-12 ಡಿಗ್ರಿಯಲ್ಲಿರುತ್ತದೆ, ನೀರು ಧಾರಾಳವಾಗಿ ಇಳಿಯುತ್ತದೆ. ಸೆಟ್ ಮಾಡಿದ ಉಷ್ಣತೆ ಹತ್ತಿರವಾದಂತೆ ಇನ್ವರ್ಟರ್ ಎಸಿ ಕಂಪ್ರೆಸರಿನ ವೇಗ ತಗ್ಗಿಸುತ್ತದೆ, ಕಾಯಿಲ್ 15-17ಕ್ಕೆ ಬೆಚ್ಚಗಾಗುತ್ತದೆ. ಕಾಯಿಲ್ 16ರಲ್ಲಿ ನಿಂತರೆ ಕೋಣೆಯ ಇಬ್ಬನಿ ಬಿಂದುವನ್ನು 16ಕ್ಕಿಂತ ಕೆಳಗಿಳಿಸಲು ಯಾವ ದೇವರಿಗೂ ಆಗುವುದಿಲ್ಲ. ಇನ್ವರ್ಟರ್ ಕರೆಂಟ್ ಉಳಿಸುವ ಗುಟ್ಟಿನ ಒಂದು ಪಾಲು ಈ ಬೆಚ್ಚಗಿನ ಕಾಯಿಲಿನಲ್ಲೇ ಇದೆ.

ಏಪ್ರಿಲ್‌ನಲ್ಲಿ ಯಾಕೆ ಸರಿಯಿತ್ತು? ಆಗ ಗೋಡೆ ಹಗಲೆಲ್ಲ ಕಾದಿರುತ್ತದೆ, ಎಸಿ ಗಂಟೆಗಟ್ಟಲೆ ಜೋರಾಗಿ ಓಡಬೇಕು, ಜೊತೆಗೇ ನೀರೂ ಹೋಗುತ್ತದೆ. ಈಗ ಹೊರಗೆ 26, ಒಳಗೆ 24. ಇಳಿಸಲು ಬಿಸಿಯೇ ಇಲ್ಲ, ತೆಗೆಯಲು ನೀರು ಮಾತ್ರ ಏಪ್ರಿಲ್‌ನಷ್ಟೇ ಇದೆ.

22ಕ್ಕೆ ಇಳಿಸಿದರೂ ಅಂಟು ಹೋಗದಿರುವುದಕ್ಕೆ ಕಾರಣವೂ ಇದೇ. ಗಾಳಿ ತಣ್ಣಗಾದಷ್ಟೂ ಅದು ಹಿಡಿಯಬಲ್ಲ ಆವಿ ಕಮ್ಮಿ, ಹಾಗಾಗಿ ಅದೇ ಆವಿಗೆ ಶೇಕಡಾವಾರು ಏರುತ್ತದೆ. ಹತ್ತಿ ಬಟ್ಟೆ, ಹಾಸಿಗೆ, ಮರ ಇವೆಲ್ಲ ನೀರು ಹೀರುವುದು ಆ ಶೇಕಡಾವಾರಿಗೆ ತಕ್ಕಂತೆ. 20 ಕೆಜಿಯ ಹತ್ತಿ ಹಾಸಿಗೆ 55%ರಿಂದ 75%ಕ್ಕೆ ಹೋದರೆ ಅರ್ಧ ಲೀಟರಿನ ಹತ್ತಿರ ನೀರು ಹೆಚ್ಚಿಗೆ ಹೀರಿಕೊಂಡಿರುತ್ತದೆ. ಹಾಗಾಗಿ ಥಂಡಿ ಮಾಡಿದಷ್ಟೂ ಹಾಸಿಗೆ ಒದ್ದೆ ಅನಿಸುತ್ತದೆ, ಬೆವರು ಆರುವ ಜಾಗವೂ ಉಳಿಯುವುದಿಲ್ಲ.

ಗಾಜಿನ ಹೊರಮೈಯ ನೀರು ಎಸಿಯ ದೋಷವಲ್ಲ. ಗಾಜು 24.6ಕ್ಕಿಂತ ತಣ್ಣಗಿದ್ದರೆ ಹೊರಗಾಳಿಯ ಇಬ್ಬನಿ ಅದರ ಮೇಲೆ ಕೂರಲೇಬೇಕು. ಆದರೆ ಇದೇ ಕೆಲಸ ಕಾಣದ ಕಡೆಯೂ ನಡೆಯುತ್ತದೆ. ಎಸಿ ಕೋಣೆಯ ಗೋಡೆಯ ಆಚೆ ಬದಿ, ಎಸಿ ಇಲ್ಲದ ಕೋಣೆಯ ಕಡೆಯಿಂದ, ಮುಟ್ಟಿ ನೋಡಿ. ಅಲ್ಲಿಗೆ ಕಪಾಟು ಒತ್ತಿಟ್ಟಿದ್ದರೆ ಹಿಂದೆ ಬೂಷ್ಟು ಗ್ಯಾರಂಟಿ. ನಿಮ್ಮ ಬೆಲ್ಟ್ ಇರುವ ಕಪಾಟು ಎಲ್ಲಿದೆ?

ಮೊದಲು ಎರಡು ವಿಷಯ ತಿಳಿಯಬೇಕು: ಮೀಟರ್ ನಿಜ ಹೇಳುತ್ತಿದೆಯೇ, ಗಂಟೆಗೆ ಎಷ್ಟು ನೀರು ಹೋಗುತ್ತಿದೆ.

ಮೀಟರಿಗೆ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿ ಹೋಗದ ಜಿಪ್ ಚೀಲದಲ್ಲಿ ಹಾಕಿ ಎಂಟು ಗಂಟೆ ಅಲುಗಿಸದೆ ಇಡಿ. ಒಳಗಿನ ಗಾಳಿ 75%ಕ್ಕೆ ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಇನ್ನು ಮುಂದೆ 5 ಕಳೆದು ಓದಿ.

ನೀರಿಗೆ, ಡ್ರೇನ್ ಪೈಪಿನ ತುದಿಗೆ ಬಕೆಟ್ ಇಟ್ಟು ಒಂದು ರಾತ್ರಿ 12ರಿಂದ 4ರವರೆಗೆ ಹಿಡಿದು ಅಳೆಯಿರಿ. ಒಂದೂವರೆ ಟನ್ ಎಸಿ ಒದ್ದೆ ಹವೆಯಲ್ಲಿ ಪೂರ್ತಿ ಓಡಿದರೆ ಗಂಟೆಗೆ ಎರಡು ಲೀಟರಿಗೂ ಮೇಲೆ ನೀರು ತೆಗೆಯಬಲ್ಲದು. ನಿಮ್ಮಲ್ಲಿ ಎಷ್ಟು ಬರುತ್ತದೆ ನೋಡೋಣ.

ಕರಾವಳಿಗ

ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೇ? ಡ್ರೈ ಮೋಡ್ ಒತ್ತಿ ಮಲಗುವುದು. ಅದಕ್ಕೇ ಕೊಟ್ಟದ್ದಲ್ವಾ ಆ ಹನಿ ಚಿತ್ರ?

10ನಂಬರ್_ಪಾನಾ

ಡ್ರೈ ಮೋಡಿನಲ್ಲಿ ಮಂತ್ರ ಏನಿಲ್ಲ. ಫ್ಯಾನನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿ ಹಾಕುತ್ತದೆ, ಕಂಪ್ರೆಸರನ್ನು ಸ್ವಲ್ಪ ಹೊತ್ತು ಓಡಿಸಿ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ, ಅಷ್ಟೇ. ಗಾಳಿ ನಿಧಾನ ಹಾದರೆ ಕಾಯಿಲ್ ಹೆಚ್ಚು ತಣ್ಣಗಾಗುತ್ತದೆ, ಬಿಸಿಗಿಂತ ನೀರನ್ನು ಹೆಚ್ಚು ಎಳೆಯುತ್ತದೆ. ಆದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಇದು ನಡೆಯುವುದೂ ಉಷ್ಣತೆ ನೋಡಿಕೊಂಡೇ, ತೇವ ನೋಡಿಕೊಂಡಲ್ಲ. ಕೋಣೆ ತುಂಬ ತಣ್ಣಗಿದ್ದರೆ ಕಂಪ್ರೆಸರ್ ಏಳುವುದೇ ಇಲ್ಲ, ಬರೀ ಫ್ಯಾನ್ ತಿರುಗುತ್ತಿರುತ್ತದೆ. ಆಗ ಒದ್ದೆ ಕಾಯಿಲಿನ ನೀರು ಆರಿ ವಾಪಸ್ ಕೋಣೆಗೇ ಬರುತ್ತದೆ. ಹಳೆಯ ಇನ್ವರ್ಟರ್ ಅಲ್ಲದ ಎಸಿಗಳಲ್ಲೂ ಇದೇ ರೋಗ: ಕಂಪ್ರೆಸರ್ ಕಟ್ ಆದ ಮೇಲೂ ಒಳಗಿನ ಫ್ಯಾನ್ ನಿಲ್ಲುವುದಿಲ್ಲ.

ಮಲಗುವ ಎರಡು ಗಂಟೆ ಮುಂಚೆ ಡ್ರೈ ಹಾಕಿ, ಆಮೇಲೆ ಕೂಲ್ ಮೋಡಿಗೆ 25, ಫ್ಯಾನ್ ಲೋ. ಇದು ನಡೆಯುತ್ತದೆ. ರಾತ್ರಿಯಿಡೀ ಡ್ರೈ ಬಿಟ್ಟರೆ ಕೆಲವು ಮಾಡೆಲ್ ಕೋಣೆಯನ್ನು 21ಕ್ಕೆ ಇಳಿಸಿಬಿಡುತ್ತವೆ, ಕೆಲವು ಏನೂ ಮಾಡುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಮೀಟರ್ ಇಟ್ಟುಕೊಂಡೇ ತಿಳಿಯಬೇಕು.

ಲೋ ಫ್ಯಾನಿಗೆ ಒಂದು ಎಚ್ಚರ. ಕೋಣೆ 80% ದಾಟಿರುವಾಗ ಲೋ ಫ್ಯಾನ್ ಹಾಕಿ, ಬಾಯಿಯ ಪಟ್ಟಿಯನ್ನು ಪೂರ್ತಿ ಕೆಳಗೆ ತಿರುಗಿಸಿ ಬಿಟ್ಟರೆ ಪಟ್ಟಿಯ ಮೇಲೇ ಇಬ್ಬನಿ ಕಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಮೊದಲ ಅರ್ಧ ಗಂಟೆ ಮೀಡಿಯಂ, ಪಟ್ಟಿ ಅಡ್ಡ. ಆಮೇಲೆ ಲೋ.

ಈಗ ಗ್ಯಾಸಿನ ಮಾತು. ಎಸಿ ಗ್ಯಾಸನ್ನು ತಿನ್ನುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ, ಹೆಚ್ಚಾಗಿ ಪೈಪ್ ಜೋಡಿಸುವ ಫ್ಲೇರ್ ನಟ್ಟಿನ ಹತ್ತಿರ. ಸೋರಿಕೆ ಹುಡುಕದೆ ಟಾಪ್-ಅಪ್ ಮಾಡುವವನು ಮುಂದಿನ ವರ್ಷದ ಬಿಲ್ಲಿಗೂ ಅಡ್ವಾನ್ಸ್ ತೆಗೆದುಕೊಂಡ ಹಾಗೆ. ಮನೆಯವರೇ ನೋಡಬಹುದಾದ ಪರೀಕ್ಷೆ ಇದು: ಕೂಲ್ ಮೋಡ್, 16 ಡಿಗ್ರಿ, ಫ್ಯಾನ್ ಹೈ, 15-20 ನಿಮಿಷ ಓಡಿಸಿ. ಮೇಲಿನ ಜಾಲರಿಯಲ್ಲಿ ಒಳಗೆ ಹೋಗುವ ಗಾಳಿಗೂ ಕೆಳಗಿನಿಂದ ಬರುವ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಈ ಒದ್ದೆ ಹವೆಯಲ್ಲಿ 8 ಬಂದರೂ ಸರಿಯೇ. ಫಿಲ್ಟರ್ ತೆಗೆದು ಟಾರ್ಚ್ ಹಾಕಿ: ಕಾಯಿಲ್ ಉದ್ದಕ್ಕೂ ಒಂದೇ ಸಮನೆ ಬೆವರಿರಬೇಕು. ಒಂದು ಮೂಲೆಯಲ್ಲಿ ಮಂಜು, ಉಳಿದದ್ದು ಒಣ ಅಂದರೆ ಗ್ಯಾಸ್ ಕಮ್ಮಿ ಅಂತ ಅನುಮಾನಿಸಿ. ಇಡೀ ಕಾಯಿಲಿಗೆ ಮಂಜು ಹಿಡಿದಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲ ಒಳಗಿನ ಫ್ಯಾನ್ (ಬ್ಲೋವರ್) ಕೊಳೆಯಾಗಿದೆ.

ಹಾಕಲೇಬೇಕು ಅಂತಾದರೂ ಇನ್ವರ್ಟರ್ ಎಸಿಗೆ ಗೇಜ್ ನೋಡಿ ಅಂದಾಜಿಗೆ ಗ್ಯಾಸ್ ಹೊಡೆಯಬಾರದು. ಕಂಪ್ರೆಸರ್ ವೇಗ ಬದಲಾದಂತೆ ಪ್ರೆಶರೂ ಬದಲಾಗುತ್ತದೆ. ಇದ್ದದ್ದನ್ನು ತೆಗೆದು, ಸೋರಿಕೆ ಮುಚ್ಚಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು (ವ್ಯಾಕ್ಯೂಮ್), ಔಟ್‌ಡೋರ್ ಯೂನಿಟ್ಟಿನ ಪ್ಲೇಟಿನಲ್ಲಿ ಬರೆದಷ್ಟು ಗ್ರಾಂ ತೂಕ ಹಾಕಿ ತುಂಬಬೇಕು. ತಕ್ಕಡಿ ತರದೆ ಬಂದವರನ್ನು ಚಹಾ ಕೊಟ್ಟು ಕಳಿಸಿ.

ಪಡುಗಾಳಿ

ಇಬ್ಬರಿಗೂ ಥ್ಯಾಂಕ್ಸ್. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ 77 ತೋರಿಸಿತು, ಅಂದರೆ 2 ಹೆಚ್ಚು. ಹಾಗಾಗಿ ಕೋಣೆ 76 ಅಲ್ಲ, 74%. ಗಾಳಿಯ ವ್ಯತ್ಯಾಸ 9 ಡಿಗ್ರಿ, ಕಾಯಿಲ್ ಪೂರ್ತಿ ಬೆವರಿದೆ, ಮಂಜಿಲ್ಲ. ಬಕೆಟಿನಲ್ಲಿ ನಾಲ್ಕು ಗಂಟೆಗೆ 2.2 ಲೀಟರ್ (24 ಡಿಗ್ರಿ, ಫ್ಯಾನ್ ಆಟೋ). ಕಪಾಟು ಪಕ್ಕದ ಕೋಣೆಯಲ್ಲಿ, ಎಸಿ ಕೋಣೆಯ ಗೋಡೆಗೇ ಒತ್ತಿ ಇದೆ!

ಇನ್ನೊಂದು, ಬೇಕಾಗುತ್ತೋ ಇಲ್ಲವೋ: ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಇದೆ. ವಾಸನೆ ಬಾರದಿರಲಿ ಅಂತ ಅದರ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ರಾತ್ರಿಯಿಡೀ ಓಡುತ್ತಿರುತ್ತದೆ. ಬಾಗಿಲು ಮುಚ್ಚಿರುತ್ತದೆ, ಅಡಿಯಲ್ಲಿ ಒಂದಿಂಚು ಸಂದು.

ತಂಪುಲೆಕ್ಕ

ಬೇಕಾಗುತ್ತೋ ಅಂತ ಕೇಳ್ತೀರಲ್ಲ, ಕಳ್ಳ ಅವನೇ!

ಎಕ್ಸಾಸ್ಟ್ ಫ್ಯಾನ್ ಎಷ್ಟು ಗಾಳಿ ಹೊರಗೆ ನೂಕುತ್ತದೋ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬರುವುದು ಕಿಟಕಿಯ ಸಂದು, ಬಾಗಿಲ ಅಡಿ, ಎಸಿ ಪೈಪ್ ಹೋಗುವ ತೂತಿನಿಂದ. 6 ಇಂಚಿನ ಫ್ಯಾನಿಗೆ ಪೆಟ್ಟಿಗೆ ಮೇಲೆ ಬರೆದಿರುವುದು ದೊಡ್ಡ ಅಂಕಿ, ಆದರೆ ಮುಚ್ಚಿದ ಕೋಣೆಯಿಂದ ಸಂದಿನಲ್ಲಿ ಎಳೆಯುವಾಗ ಅದರ ಕಾಲುಭಾಗವೂ ಸಿಗುವುದು ಕಷ್ಟ. ಗಂಟೆಗೆ 65 ಘನ ಮೀಟರ್ ಅಂತಲೇ ಹಿಡಿಯಿರಿ. ಅದು ಸುಮಾರು 76 ಕೆಜಿ ಗಾಳಿ. ನಿಮ್ಮ ಹೊರಗಾಳಿಯಲ್ಲಿ ಪ್ರತಿ ಕೆಜಿಗೆ 19.6 ಗ್ರಾಂ ಆವಿ ಇದೆ, ಕೋಣೆಯ ಗಾಳಿಯಲ್ಲಿ 13.9. ಅಂದರೆ ಪ್ರತಿ ಕೆಜಿ 5.7 ಗ್ರಾಂ ನೀರನ್ನು ಒಳಗೆ ಹೊತ್ತು ತರುತ್ತದೆ. ಗಂಟೆಗೆ 430 ಮಿಲಿ. ಮಲಗಿದ ಇಬ್ಬರ ಉಸಿರು, ಬೆವರು ಸೇರಿ ಇನ್ನೊಂದು 100. ಒಟ್ಟು 530. ನಿಮ್ಮ ಬಕೆಟ್ ಹೇಳಿದ್ದು ಗಂಟೆಗೆ 550. ಇಷ್ಟು ಹೊಂದಿಕೆಯಾಗಬೇಕು ಅಂತ ಏನಿಲ್ಲ, ಸ್ವಲ್ಪ ಅದೃಷ್ಟವೂ ಇದೆ. ಆದರೆ ದಾರಿ ಸ್ಪಷ್ಟ. ಎಸಿ ಪಾಪ ನೀರು ತೆಗೆಯುತ್ತಲೇ ಇದೆ, ಎಕ್ಸಾಸ್ಟ್ ಫ್ಯಾನ್ ಅಷ್ಟನ್ನೇ ತಂದು ಸುರಿಯುತ್ತಿದೆ.

ಹೋಲಿಕೆಗೆ ಒಂದು ಅಂಕಿ: ನಿಮ್ಮ ಕೋಣೆಯ 34 ಘನ ಮೀಟರ್ ಗಾಳಿಯಲ್ಲಿ ಇರುವ ಒಟ್ಟು ನೀರು ಸುಮಾರು 550 ಗ್ರಾಂ. ಅದನ್ನು 55%ಕ್ಕೆ ತರಲು ತೆಗೆಯಬೇಕಾದದ್ದು ಬರೀ 120 ಗ್ರಾಂ. ಕೋಣೆಯಲ್ಲಿ ಇರುವ ನೀರು ಯಾವತ್ತೂ ತೊಂದರೆಯಲ್ಲ, ಬರುತ್ತಲೇ ಇರುವ ನೀರು ತೊಂದರೆ.

ಹೀಗೆ ಮಾಡಿ. ಸ್ನಾನವಾದ ಮೇಲೆ ಬಾತ್‌ರೂಮ್ ಬಾಗಿಲು ಮುಚ್ಚಿ 20-30 ನಿಮಿಷ ಎಕ್ಸಾಸ್ಟ್ ಓಡಿಸಿ, ಆಮೇಲೆ ಆರಿಸಿ. ವೈಪರಿನಿಂದ ನೆಲದ ನೀರು ಎಳೆದುಬಿಡಿ. ಬಾತ್‌ರೂಮ್ ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಅಂಟಿಸಿ. ವಾಸನೆ ಬರುತ್ತಿದ್ದರೆ ನೆಲದ ಜಾಲಿಯ ಕೆಳಗೆ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪಿನಲ್ಲಿ ನೀರಿದೆಯಾ ನೋಡಿ. ಅದು ಒಣಗಿದ್ದರೆ ಚರಂಡಿ ಗಾಳಿ ಮೇಲೆ ಬರುತ್ತದೆ, ಎಕ್ಸಾಸ್ಟ್ ಓಡಿಸಿದಷ್ಟೂ ಇನ್ನೂ ಜೋರಾಗಿ ಬರುತ್ತದೆ. ಒಂದು ಮಗ್ ನೀರು ಹೊಯ್ದರೆ ಸಾಕು. ಎಸಿ ಪೈಪಿನ ತೂತಿಗೆ ಪುಟ್ಟಿ ಮೆತ್ತಿ. ಕೋಣೆಯೊಳಗೆ ಬಟ್ಟೆ ಒಣಗಿಸಬೇಡಿ: ಹಿಂಡಿದ ಒಂದು ಹೊರೆ ಬಟ್ಟೆಯಲ್ಲಿ ಎರಡು ಲೀಟರಿಗೂ ಹೆಚ್ಚು ನೀರು ಇರುತ್ತದೆ.

ಎಸಿಯನ್ನು 25ಕ್ಕೆ, ಫ್ಯಾನ್ ಲೋ. ಆಟೋ ಬೇಡ. ಸೀಲಿಂಗ್ ಫ್ಯಾನ್ ಒಂದು ಅಥವಾ ಎರಡರಲ್ಲಿ ತಿರುಗಲಿ. ಮೈ ಮೇಲೆ ಸೆಕೆಂಡಿಗೆ 0.8 ಮೀಟರ್ ಗಾಳಿ ಆಡಿದರೆ ಎರಡೂವರೆ, ಮೂರು ಡಿಗ್ರಿ ತಂಪಾದಷ್ಟು ಹಿತ ಸಿಗುತ್ತದೆ, ಬೆವರೂ ಆರುತ್ತದೆ. ಒಣ ಗಾಳಿಯಲ್ಲಿ 26 ಕೂಡ ಸಾಕಾಗುತ್ತದೆ.

24 ಅಂತ ಹಿಡಿದು ಕೂರಬೇಕಿಲ್ಲ. 2020ರ ಜನವರಿಯಿಂದ ಸ್ಟಾರ್ ಹಾಕಿದ ಎಸಿಗಳೆಲ್ಲ ಆನ್ ಮಾಡಿದಾಗ 24ಕ್ಕೆ ನಿಲ್ಲಬೇಕು ಅಂತ ಸ್ಟಾರ್ ಕೊಡುವ ಕೇಂದ್ರದ ಸಂಸ್ಥೆ ಬಿಇಇ ನಿಯಮ ಮಾಡಿದ್ದು ಕರೆಂಟ್ ಉಳಿತಾಯಕ್ಕೆ. ಅದು ಶುರುವಿನ ಅಂಕಿ, ಅಷ್ಟೇ. ಸ್ಟಾರ್ ಎಣಿಸಿ ಎಸಿ ಕೊಳ್ಳುವವರು ಇನ್ನೊಂದು ಮಾತು ನೆನಪಿಡಿ: ಎಸಿಯ ಟನ್ ಅಳೆಯುವುದು ಒಳಗೆ 27 ಡಿಗ್ರಿ, ಒದ್ದೆ ಬಲ್ಬಿನಲ್ಲಿ (ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ) 19 ಡಿಗ್ರಿ ಇರುವಾಗ. ಅಂದರೆ ಹೆಚ್ಚುಕಡಿಮೆ 47% ತೇವ. ಕರಾವಳಿಯ ಜೂನ್ ತಿಂಗಳ ಕೋಣೆ ಆ ಪರೀಕ್ಷೆಯಲ್ಲಿ ಎಲ್ಲೂ ಇಲ್ಲ. 120 ಚದರಡಿಯ, ಮೇಲೆ ಮನೆ ಇರುವ ಕೋಣೆಗೆ ಒಂದು ಟನ್ನೇ ಧಾರಾಳ. ಹೊಸದು ಕೊಳ್ಳುವಾಗ ಕ್ಯಾಟಲಾಗಿನಲ್ಲಿ ಅತಿ ಕಡಿಮೆ ಸಾಮರ್ಥ್ಯ ಎಷ್ಟು ಅಂತ ನೋಡಿ. ಅದು ಎಷ್ಟು ಕೆಳಗೆ ಇಳಿಯುತ್ತದೋ ಅಷ್ಟು ಹೊತ್ತು ನಿಲ್ಲದೆ ಓಡುತ್ತದೆ.

ಕಪಾಟನ್ನು ಗೋಡೆಯಿಂದ ಮೂರು ನಾಲ್ಕು ಇಂಚು ಈಚೆಗೆ ಎಳೆಯಿರಿ. ಸಾಧ್ಯವಾದರೆ ಬೇರೆ ಗೋಡೆಗೆ.

ಬಿಸಿಲೂರು

ನಾವು ಕಲಬುರಗಿ ಕಡೆಯವರು, ನಮ್ದು ಉಲ್ಟಾ ಪಂಚಾಯ್ತಿ ನೋಡ್ರಿ. ಎಸಿ ಹಾಕಿದ್ರ ಕಣ್ಣು ಉರಿತಾವ, ತುಟಿ ಒಡೀತಾವ. ಎಸಿ ಗಾಳಿ ಒಣಗಸ್ತದ ಅಂತ ಎಲ್ಲಾರೂ ಒಂದು ಬೋಗುಣಿ ನೀರು ಇಡ್ರಿ ಅಂತಾರ. ಇದ್ರಾಗ ಖರೇ ಎಷ್ಟು?

ತಂಪುಲೆಕ್ಕ

ಮೇ ತಿಂಗಳಲ್ಲಿ ನಿಮ್ಮಲ್ಲಿ ಮಧ್ಯಾಹ್ನ 42 ಡಿಗ್ರಿ, 15% ಇದ್ದರೆ ಆ ಗಾಳಿಯಲ್ಲಿ ಕೆಜಿಗೆ ಏಳೂವರೆ ಗ್ರಾಂ ಆವಿ, ಇಬ್ಬನಿ ಬಿಂದು 10 ಡಿಗ್ರಿ. ಎಸಿಯ ಕಾಯಿಲ್ ಬಹುಪಾಲು ಹೊತ್ತು ಅದಕ್ಕಿಂತ ಬೆಚ್ಚಗೇ ಇರುತ್ತದೆ, ಡ್ರೇನ್ ಪೈಪಿನಲ್ಲಿ ನೀರೇ ಬರುವುದಿಲ್ಲ, ಬಂದರೂ ಕೆಲವು ಹನಿ. ಅದೇ ಗಾಳಿ 25ಕ್ಕೆ ತಣ್ಣಗಾದಾಗ ಶೇಕಡಾವಾರು 15ರಿಂದ 39ಕ್ಕೆ ಏರುತ್ತದೆ. ನಿಮ್ಮ ಊರಿನಲ್ಲಿ ಎಸಿ ಗಾಳಿಯನ್ನು ಒಣಗಿಸುತ್ತಿಲ್ಲ, ಅದು ಮೊದಲೇ ಒಣಗಿತ್ತು.

ಕಣ್ಣುರಿ ಹೆಚ್ಚಾಗಿ ಗಾಳಿ ನೇರ ಮುಖಕ್ಕೆ ಬಡಿಯುವುದರಿಂದ. ಪಟ್ಟಿಯನ್ನು ಮೇಲಕ್ಕೆ ತಿರುಗಿಸಿ ಗಾಳಿ ಸೂರಿನುದ್ದಕ್ಕೂ ಹೋಗಲಿ, ತಲೆದಿಂಬನ್ನು ಇನ್ನೊಂದು ಬದಿಗೆ ಹಾಕಿ. ಬೋಗುಣಿಯ ನೀರು ರಾತ್ರಿಯಲ್ಲಿ ಆರುವುದು ಒಂದು ಲೋಟದಷ್ಟು, ಅದರಿಂದ ಮೀಟರ್ ಅಲುಗುವುದೂ ಅನುಮಾನ. ಒದ್ದೆ ಮಾಡಿದ ದಪ್ಪ ಟವಲನ್ನು ಫ್ಯಾನ್ ಗಾಳಿಗೆ ನೇತುಹಾಕಿದರೆ ಅದಕ್ಕಿಂತ ಎಷ್ಟೋ ವಾಸಿ.

ಅದಕ್ಕೂ ಮೊದಲು, ನಿಮ್ಮಲ್ಲಿ ಕೂಲರ್ ಇದ್ದರೆ ಎಸಿ ಯಾಕೆ? 42 ಡಿಗ್ರಿ, 15% ಗಾಳಿಯ ಒದ್ದೆ ಬಲ್ಬ್ ಉಷ್ಣತೆ 22. ಒಳ್ಳೆಯ ಪ್ಯಾಡಿನ ಕೂಲರ್ ಆ ಅಂತರದ 80% ಇಳಿಸುತ್ತದೆ, ಅಂದರೆ 26 ಡಿಗ್ರಿಯ ಗಾಳಿ. ಎದುರು ಕಿಟಕಿ ತೆರೆದಿರಬೇಕು. ಅದೇ ಕೂಲರ್ ಮಂಗಳೂರಿನಲ್ಲಿ ಇಟ್ಟರೆ 32 ಡಿಗ್ರಿ, 75%ದ ಗಾಳಿಯನ್ನು 29ಕ್ಕೆ ಇಳಿಸಿ 90%ದಾಚೆ ಒದ್ದೆ ಮಾಡಿ ಕೊಡುತ್ತದೆ. ಕೂಲರನ್ನೂ ಎಸಿಯನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಮಾತ್ರ ಓಡಿಸಬೇಡಿ: ಒಂದು ತುಂಬಿಸಿದ ನೀರನ್ನು ಇನ್ನೊಂದು ಕರೆಂಟ್ ಖರ್ಚು ಮಾಡಿ ಹೊರಗೆ ಚೆಲ್ಲುತ್ತದೆ.

ಪಡುಗಾಳಿ

ಮೂರು ರಾತ್ರಿಯ ಲೆಕ್ಕ. ಎಕ್ಸಾಸ್ಟ್ ಬಂದ್, ಬಾಗಿಲಿಗೆ ಪಟ್ಟಿ, 25 ಡಿಗ್ರಿ, ಫ್ಯಾನ್ ಲೋ. ಮೊದಲ ರಾತ್ರಿ 62%, ನಾಲ್ಕು ಗಂಟೆಗೆ 1.3 ಲೀಟರ್. ಎರಡನೆಯದು 59%. ಮೂರನೆಯದು 57%, 950 ಮಿಲಿ. ಹೊರಗೆ ಮಳೆ ಹಾಗೇ ಇದೆ. ಹಾಸಿಗೆಯ ತೇವ ಎರಡನೇ ರಾತ್ರಿಗೇ ಗೊತ್ತಾಗುವಷ್ಟು ಹೋಯಿತು, ಗಾಜಿನ ಮೇಲೆ ನೀರೂ ಇಲ್ಲ.

ಒಂದು ಅರ್ಥವಾಗಲಿಲ್ಲ. ಬಕೆಟಿಗೆ ಬರುವ ನೀರು ಕಮ್ಮಿಯಾಗಿದೆ, ಕೋಣೆ ಮಾತ್ರ ಒಣಗಿದೆ. ಹೆಚ್ಚು ನೀರು ತೆಗೆದರೆ ಅಲ್ವಾ ಒಣಗಬೇಕಾದ್ದು?

10ನಂಬರ್_ಪಾನಾ

ದೋಣಿ ತೂತಾಗಿದ್ದಾಗ ಎತ್ತಿ ಚೆಲ್ಲುವ ನೀರು ಜಾಸ್ತಿ, ತೂತು ಮುಚ್ಚಿದ ಮೇಲೆ ಕಮ್ಮಿ. ಬಕೆಟ್ ಹೇಳುವುದು ಒಳಗೆ ಎಷ್ಟು ಬರುತ್ತಿದೆ ಅಂತ, ಕೋಣೆ ಎಷ್ಟು ಒಣಗಿದೆ ಅಂತಲ್ಲ. ಅದಕ್ಕೆ ಮೀಟರ್. ಎರಡನ್ನೂ ಒಟ್ಟಿಗೆ ಓದಬೇಕು: ನೀರು ಜಾಸ್ತಿ, ಮೀಟರೂ ಮೇಲೆ ಅಂದರೆ ಹೊರಗಾಳಿ ನುಗ್ಗುತ್ತಿದೆ. ನೀರು ಕಮ್ಮಿ, ಮೀಟರ್ ಮೇಲೆ ಅಂದರೆ ಕಾಯಿಲ್ ತಣ್ಣಗಾಗುತ್ತಿಲ್ಲ, ಆಗ ಗ್ಯಾಸ್, ಫ್ಯಾನ್ ವೇಗ, ದೊಡ್ಡ ಟನ್ ಇವನ್ನು ನೋಡಬೇಕು. ಮೊದಲ ರಾತ್ರಿಯ 1.3 ಲೀಟರಿನಲ್ಲಿ ಹಾಸಿಗೆ, ಪರದೆ ಬಿಟ್ಟುಕೊಟ್ಟ ನೀರೂ ಇದೆ. ಅದಕ್ಕೇ ಮೂರು ದಿನ ಹಿಡಿಯಿತು.

ಕಾಯಿಲ್ ಇನ್ನು ಸದಾ ಒದ್ದೆ ಇರುತ್ತದೆ, ಅದನ್ನು ನೋಡಿಕೊಳ್ಳಿ. ಬೆಳಿಗ್ಗೆ ಎದ್ದು ಕೋಣೆ ಬಿಟ್ಟು ಹೋಗುವಾಗ ಅರ್ಧ ಗಂಟೆ ಫ್ಯಾನ್ ಮೋಡಿನಲ್ಲಿ ಬಿಟ್ಟು, ಬಾಗಿಲು ತೆರೆದಿಡಿ. ಕಾಯಿಲಿನ ನೀರು ಆರಿ ಹೊರಗೆ ಹೋಗಲಿ. ರಾತ್ರಿ ಮಲಗಿದ್ದಾಗ ಇದನ್ನು ಮಾಡಿದರೆ ತೆಗೆದ ನೀರೇ ವಾಪಸ್. ಆಟೋ ಕ್ಲೀನ್ ಅಂತ ಬಟನ್ ಇರುವ ಮಾಡೆಲ್‌ಗಳು ಬಹಳಷ್ಟು ಮಾಡುವುದೂ ಇದನ್ನೇ. ಫಿಲ್ಟರ್ ಎರಡು ವಾರಕ್ಕೊಮ್ಮೆ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಹಾಕಿ. ಆದರೂ ಹಾಕಿದ ಮೊದಲ ಐದು ನಿಮಿಷ ಮುಗ್ಗಲು ವಾಸನೆ ಬಂದರೆ ಕೊಳೆ ಇರುವುದು ಫಿಲ್ಟರಿನಲ್ಲಲ್ಲ, ಬ್ಲೋವರ್ ಉರುಳೆಯ ರೆಕ್ಕೆಗಳ ಸಂದಿನಲ್ಲಿ. ಕೆಳಗಿನ ಪಟ್ಟಿ ತೆರೆದು ಟಾರ್ಚ್ ಹಾಕಿದರೆ ಕಪ್ಪು ಕಪ್ಪಾಗಿ ಕಾಣುತ್ತದೆ. ಬರೀ ಮುಂದಿನಿಂದ ನೀರು ಹೊಡೆಯುವ ಸರ್ವೀಸಿಗೆ ಅದು ಹೋಗುವುದಿಲ್ಲ, ಡ್ರೇನ್ ಟ್ರೇ ಇಳಿಸಿ ತೊಳೆಸಿ. ಟ್ರೇಯಲ್ಲಿ ಲೋಳೆ ಕಟ್ಟಿದರೆ ಪೈಪ್ ಮುಚ್ಚಿ ಗೋಡೆಗೆ ನೀರಿಳಿಯುತ್ತದೆ. ಪೈಪ್ ಉದ್ದಕ್ಕೂ ಇಳಿಜಾರಿರಲಿ, ನಡುವೆ ಜೋಲಿ ಬೀಳಬಾರದು, ತುದಿ ಬಕೆಟ್ ನೀರಲ್ಲಿ ಮುಳುಗಬಾರದು. ಅಳತೆ ಮಾಡುವಾಗಲೂ ಅಷ್ಟೇ.

ತಂಪುಲೆಕ್ಕ

ಒಂದು ತಿದ್ದುಪಡಿ, ನಾನು ಹೇಳಿದ್ದಕ್ಕೇ. ಸಂದು ಮುಚ್ಚಿ ಅಂದೆ ಅಂತ ಒಂದೂ ಬಿಡದೆ ಮುಚ್ಚಬೇಡಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. 34 ಘನ ಮೀಟರಿನಲ್ಲಿ ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಇಂಗಾಲದ ಡೈಆಕ್ಸೈಡ್ 2,000 ಪಿಪಿಎಂ (ಹತ್ತು ಲಕ್ಷಕ್ಕೆ 2,000 ಪಾಲು) ದಾಟುವುದು ಸುಲಭ. ಎದ್ದಾಗ ತಲೆ ಭಾರ ಅನಿಸಿದರೆ ಇದೂ ಒಂದು ಕಾರಣ. ಕೋಣೆಯಿಂದ ಹಾಲಿಗೆ ಹೋಗುವ ಬಾಗಿಲ ಅಡಿಯ ಸಂದು ಹಾಗೇ ಇರಲಿ. ಅಷ್ಟರಿಂದ ಬರುವ ನೀರನ್ನು ಎಸಿ ತೆಗೆಯುತ್ತದೆ, ನಿಮ್ಮ 950 ಮಿಲಿಯೇ ಸಾಕ್ಷಿ.

ಡೀಹ್ಯುಮಿಡಿಫೈಯರ್ ಈ ಕೋಣೆಗೆ ಬೇಡ. ಪಕ್ಕದ ಕಪಾಟಿನ ಕೋಣೆಗೆ, ಅಂದರೆ ಎಸಿ ಇಲ್ಲದ ಕಡೆಗೆ, ಬೇಕಾದರೆ ಯೋಚಿಸಿ. ಕೊಳ್ಳುವಾಗ ದಿನಕ್ಕೆ 20 ಲೀಟರ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, 80% ತೇವದಲ್ಲಿ ಅಳೆದದ್ದು ಅಂತ ತಿಳಿಯಿರಿ. 25 ಡಿಗ್ರಿ, 60%ದಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಅದು ಕೋಣೆಯನ್ನು ಬಿಸಿಯೂ ಮಾಡುತ್ತದೆ: ಒಂದು ಲೀಟರ್ ಆವಿ ನೀರಾದಾಗ ಬಿಡುವ ಬಿಸಿ ಹೆಚ್ಚುಕಡಿಮೆ 680 ವಾಟ್ ಹೀಟರನ್ನು ಒಂದು ಗಂಟೆ ಹಾಕಿದಷ್ಟು, ಜೊತೆಗೆ ಯಂತ್ರ ಎಳೆಯುವ ಕರೆಂಟಿನ ಬಿಸಿ. ಎಸಿಯಾದರೆ ಆ ಬಿಸಿಯನ್ನು ಹೊರಗೆ ಎಸೆಯುತ್ತದೆ, ಇದು ಒಳಗೇ ಬಿಡುತ್ತದೆ. ಕಪಾಟಿನ ಕೋಣೆಗೆ ಮೂರು ನಾಲ್ಕು ಡಿಗ್ರಿ ಏರಿದರೆ ಪರವಾಗಿಲ್ಲ, ಮಲಗುವವರಿಗೆ ಆಗುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿ ಓಡಿಸಬೇಕು. ತೆರೆದಿಟ್ಟರೆ ಅರಬ್ಬಿ ಸಮುದ್ರವನ್ನೇ ಒಣಗಿಸಲು ಹೊರಟ ಹಾಗೆ.

ಬೆಲ್ಟಿನ ಬೂಷ್ಟನ್ನು ಒಣ ಬಟ್ಟೆಯಲ್ಲಿ ಬಾಲ್ಕನಿಯಲ್ಲಿ ಒರೆಸಿ, ಕೋಣೆಯೊಳಗೆ ಕೊಡವಬೇಡಿ. ಕಪಾಟಿನೊಳಗೂ ಮೀಟರನ್ನು ಒಂದು ದಿನ ಇಟ್ಟು ನೋಡಿ. ಅಲ್ಲಿ 70% ದಾಟಿಯೇ ಇದ್ದರೆ ಬೂಷ್ಟು ಮತ್ತೆ ಬರುತ್ತದೆ, ಎಷ್ಟು ಒರೆಸಿದರೂ.

ಪಡುಗಾಳಿ

ಕಪಾಟಿನೊಳಗೆ 81 ತೋರಿಸಿತು, ಎರಡು ಕಳೆದರೆ 79%. ಎದುರಿನ ಗೋಡೆಗೆ ಸರಿಸಲು ನಾಳೆ ಇಬ್ಬರನ್ನು ಕರೆದಿದ್ದೇನೆ. ಸರ್ವೀಸಿನವರು ಮತ್ತೆ ಫೋನ್ ಮಾಡಿದ್ದರು, ತಕ್ಕಡಿ ತರ್ತೀರಾ ಅಂತ ಕೇಳಿದೆ. ಯೋಚಿಸಿ ಹೇಳ್ತೇವೆ ಅಂದರು.